ಹ್ಯೂಮ್‌ಗೂ ಮೊದಲೇ ಕೇಳಿದವನಿದ್ದ

ಮಾನ್ಯರೆ,

ಭಾನುವಾರದ ಪುರವಣಿಯಲ್ಲಿ ಬಂದ ಪಾಶ್ಚಾತ್ಯ ತತ್ತ್ವಶಾಸ್ತ್ರದ ಲೇಖನದಲ್ಲಿ, ಕಾರ್ಯಕಾರಣ ಸಂಬಂಧದ ನಿಶ್ಚಿತತೆಯನ್ನು ಯುರೋಪಿನಲ್ಲಿ ಮೊದಲು ಪ್ರಶ್ನಿಸಿದವನು 18ನೇ ಶತಮಾನದ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಎಂದೂ, ಅದಕ್ಕೆ ಹಿಂದಿನ ಸ್ಕೊಲಾಸ್ಟಿಕ್ ಪಂಡಿತರು (ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳ ಕ್ರೈಸ್ತ ವಿದ್ವಾಂಸರು) ಅರಿಸ್ಟಾಟಲನನ್ನು ಗಿಳಿಪಾಠದಂತೆ ಒಪ್ಪಿಸುತ್ತಿದ್ದರೆಂದೂ ಹೇಳಲಾಗಿದೆ. ಲೇಖನ ಉಳಿದಂತೆ ಸೊಗಸಾಗಿದ್ದರೂ ಈ ಮಾತು ಒಪ್ಪತಕ್ಕದ್ದಲ್ಲ.

ಈ ನಿಶ್ಚಿತತೆಯನ್ನು ಹ್ಯೂಮ್‌ಗಿಂತ ಮೊದಲೇ ಪ್ರಶ್ನಿಸಿದ, ಇಂದಿನ ಫ್ರಾನ್ಸಿನ ವರ್ಡನ್ ಸೀಮೆಯ ಓತ್ರೆಕೂರಿನ ನಿಕೊಲಸ್ 14ನೇ ಶತಮಾನದ ಪೂರ್ವಾರ್ಧದಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿದ್ದವನು. ಅರೆತ್ಸೊದ ಬರ್ನಾರ್ಡ್ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿಗೆ ಅವನು ಬರೆದ ಒಂಬತ್ತು ಪತ್ರಗಳಲ್ಲಿ ಉಳಿದಿರುವುದು ಎರಡೇ. ವಸ್ತುವಿಲ್ಲದೆಯೂ ಅದರ ಪ್ರತ್ಯಕ್ಷ ಜ್ಞಾನ ಸಾಧ್ಯವೆಂದು ಬರ್ನಾರ್ಡ್ ವಾದಿಸಿದ್ದಕ್ಕೆ, ಹಾಗಾದರೆ ಪೋಪ್ ಇದ್ದಾರೆಯೇ ಎಂಬುದಿರಲಿ, ನಿನಗೆ ತಲೆ, ಗಡ್ಡ, ಕೂದಲು ಇವೆಯೇ ಎಂಬುದೂ ನಿನಗೆ ಖಚಿತವಾಗುವಂತಿಲ್ಲ ಎಂದು ಅವನು ಮೊದಲ ಪತ್ರದಲ್ಲೇ ಕೆಣಕುತ್ತಾನೆ. ಎರಡನೆಯದರಲ್ಲಿ ಮುಖ್ಯ ವಾದವಿದೆ: ಧಾರ್ಮಿಕ ಶ್ರದ್ಧೆಯ ವಿಷಯವನ್ನು ಬಿಟ್ಟರೆ, ಅಲ್ಲಗಳೆದೊಡನೆ ಸ್ವವಿರೋಧ ಉಂಟಾಗುವ ಮಾತು ಮಾತ್ರ ಪೂರ್ಣ ನಿಶ್ಚಿತ, ಆದ್ದರಿಂದ ಒಂದು ವಸ್ತು ಇದೆಯೆಂಬ ತಿಳಿವಿನಿಂದ ಬೇರೊಂದು ವಸ್ತು ಇದೆಯೆಂದು ಅಷ್ಟೇ ನಿಶ್ಚಯವಾಗಿ ಊಹಿಸಲಾಗದು. ನಾರಿನ ಬಳಿಗೆ ಬೆಂಕಿ ತಂದರೆ ಅದು ಉರಿದೇ ತೀರುತ್ತದೆಂಬುದೂ ಈ ಅಳತೆಗೆ ನಿಲ್ಲುವುದಿಲ್ಲ. ಪ್ರಕೃತಿಯ ಬಗ್ಗೆ ಅರಿಸ್ಟಾಟಲನಿಗೆ ಇಂಥ ನಿಶ್ಚಿತ ಜ್ಞಾನ ಎರಡು ಸಂಗತಿಗಳಲ್ಲೂ ಇದ್ದಿರಲಾರದು, ಪ್ರಾಯಶಃ ಒಂದರಲ್ಲೂ ಇಲ್ಲ ಎನ್ನುವಷ್ಟು ಎದೆಗಾರಿಕೆ ಅವನದು. (ಕನ್ನಡದಲ್ಲಿ 'ಅನುಮಾನ' ಎಂಬ ಒಂದೇ ಪದ ತರ್ಕದ ಪ್ರಮಾಣವನ್ನೂ ಸಂಶಯವನ್ನೂ ಸೂಚಿಸುತ್ತದಷ್ಟೆ; ಅವನ ತಕರಾರನ್ನು ಹೇಳಲು ಇದಕ್ಕಿಂತ ಒಪ್ಪುವ ಪದ ಸಿಕ್ಕೀತೆ?)

ಇದೇ ಪ್ಯಾರಿಸ್ಸಿನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕನಾಗಿದ್ದ ಬ್ಯೂರಿಡನ್, ಪ್ರಕೃತಿಯ ಸಾಮಾನ್ಯ ನಡೆಯನ್ನು ಒಪ್ಪಿಕೊಂಡು ಹೊರಟರೆ ಭೌತ ಜ್ಞಾನಕ್ಕೆ ಸಾಲುವಷ್ಟು ನಿಶ್ಚಯ ದೊರೆಯುತ್ತದೆಂದು ಇಂಥ ವಾದಕ್ಕೆ ಉತ್ತರ ಕೊಟ್ಟ. ನನಗೆ ಬ್ಯೂರಿಡನ್ನನ ಪಕ್ಷವೇ ಸರಿಯೆನಿಸುತ್ತದೆ, ಆದರೆ ಇಬ್ಬರಲ್ಲಿ ಯಾರದೂ ಗಿಳಿಪಾಠವಲ್ಲ.

ಇಂಥ ವಾದಗಳಿಗಾಗಿ 1340ರಲ್ಲಿ ನಿಕೊಲಸನನ್ನು ಅವಿನ್ಯೋನಿನ (ಆಗ ಪೋಪರು ರೋಮಿನ ಬದಲು ನೆಲೆಸಿದ್ದ, ಇಂದಿನ ದಕ್ಷಿಣ ಫ್ರಾನ್ಸಿನ ಊರು) ಪೋಪ್ ಆಸ್ಥಾನಕ್ಕೆ ಕರೆಸಿ ವಿಚಾರಣೆಗೆ ಒಳಪಡಿಸಲಾಯಿತು. 1346ರಲ್ಲಿ ತೀರ್ಪು ಬಂದು, 1347ರ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಬಹಿರಂಗವಾಗಿ ತನ್ನ ಬರಹಗಳನ್ನು ತಾನೇ ಸುಡಬೇಕಾಯಿತು. ಅಷ್ಟಾದರೂ 1350ರಲ್ಲಿ ಅವನು ಮೆಟ್ಜ್ ಕೆಥೆಡ್ರಲ್‌ನ ಡೀನ್ (ಅಲ್ಲಿನ ಪಾದ್ರಿಗಳ ಮುಖ್ಯಸ್ಥ) ಆದ, 1369ರಲ್ಲಿ ತೀರಿಕೊಂಡ. ಅವನನ್ನು ಚರ್ಚಿನ ಬದ್ಧವೈರಿಯೆಂದೋ ಹುತಾತ್ಮನೆಂದೋ ಚಿತ್ರಿಸುವವರು ಈ ಕೊನೆಯ ಇಪ್ಪತ್ತು ವರ್ಷಗಳನ್ನು ಮರೆಯುತ್ತಾರೆ.

ಪುಸ್ತಕ ಸುಟ್ಟರೂ ಅವನ ದೊಡ್ಡ ಗ್ರಂಥದ ಒಂದೇ ಒಂದು ಹಸ್ತಪ್ರತಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಉಳಿದು, 1939ರಲ್ಲಿ ಅಚ್ಚಾಯಿತು. ಮುಪ್ಪಿನವರೆಗೂ ಅರಿಸ್ಟಾಟಲನ ವ್ಯಾಖ್ಯಾನದಲ್ಲೇ ಮುಳುಗಿರುವ ಪಂಡಿತರನ್ನು ಕಂಡು ಅವನು ಪಟ್ಟ ಬೇಸರ ಅದರ ಪೀಠಿಕೆಯಲ್ಲಿದೆ. ಲೇಖಕರು ಮುಂದಿನ ಕಂತಿನಲ್ಲಿ ಹ್ಯೂಮ್‌ನ ಮಾತಿಗೆ ಮರಳುವುದಾದರೆ ಇವನಿಗೂ ನಾಲ್ಕು ಸಾಲು ಕೊಡಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಅಧ್ಯಾಪಕ, ಧಾರವಾಡ