ಸಕಲೇಶಪುರದ ಯುವ ಕತೆಗಾರ್ತಿಗೆ

ಪ್ರೀತಿಯ ಸಹೋದರಿ,

ನಿಮ್ಮ ಪತ್ರವೂ ಅದರ ಜೊತೆಗಿದ್ದ ಕತೆಗಳೂ ತಲುಪಿದವು. ಪತ್ರಿಕೆಗಳಿಂದ ಉತ್ತರವೇ ಬರುವುದಿಲ್ಲ, ಕತೆ ಗೀಚುವುದನ್ನು ಬಿಟ್ಟು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿಕೋ ಎಂದು ಮನೆಯವರು ಒತ್ತಾಯಿಸುತ್ತಾರೆ, ಬೆಂಗಳೂರಿನಲ್ಲಿ ನನ್ನ ಪರಿಚಯದವರೂ ಇಲ್ಲ ಎಂದು ಬರೆದಿದ್ದೀರಿ. ಈ ಆತಂಕ ಆಧಾರವಿಲ್ಲದ್ದೆಂದು ನಾನು ಹೇಳಲಾರೆ. ಹೊಸಬರ ಕಥಾಸಂಕಲನವೊಂದರ ಮೊದಲ ಮುದ್ರಣ ಸಾವಿರ ಪ್ರತಿಯನ್ನು ದಾಟುವುದು ಅಪರೂಪ. ಗೌರವಧನದ ಬದಲಿಗೆ ತಮ್ಮದೇ ಪುಸ್ತಕದ ಕಟ್ಟು ಹೊತ್ತು ಮನೆಗೆ ಬಂದ ಲೇಖಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಇದರಿಂದ ಸಂಸಾರ ನಡೆಯುವುದಿಲ್ಲ ಎಂಬ ನಿಮ್ಮ ತಂದೆಯವರ ಮಾತು ನೂರಕ್ಕೆ ನೂರು ನಿಜ. ಹಾಗಾಗಿ ಬರೆಯಲೇಬಾರದು ಎಂಬ ತೀರ್ಮಾನವನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಮ್ಮ ಸೀಮೆಯನ್ನೇ ನೋಡಿ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಭೈರಪ್ಪನವರು ಬಾಲ್ಯದಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡು, ಸಿಕ್ಕಸಿಕ್ಕ ಕೆಲಸ ಮಾಡಿ ಓದಿ, ನಿವೃತ್ತಿಯವರೆಗೂ ತತ್ವಶಾಸ್ತ್ರದ ಅಧ್ಯಾಪಕರಾಗಿದ್ದುಕೊಂಡೇ ಕಾದಂಬರಿಗಳನ್ನು ಬರೆದರು. ತೇಜಸ್ವಿಯವರು ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು ಬರೆದರು. ಹಾಸನದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ತಂದುಕೊಟ್ಟ ಹನ್ನೆರಡು ಕತೆಗಳು 1990ರಿಂದ 2023ರವರೆಗಿನ ಅವಧಿಯಲ್ಲಿ, ವಕೀಲಿಕೆ, ಪತ್ರಿಕಾ ಕೆಲಸ, ಚಳವಳಿ, ಸಂಸಾರ ಎಲ್ಲದರ ನಡುವೆ ಬರೆದವು. ಅವುಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರು ಪಕ್ಕದ ಕೊಡಗಿನವರು. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ನಿಮಗೂ ಪ್ರಶಸ್ತಿ ಬಂದೀತೆಂಬ ಆಸೆ ಹುಟ್ಟಿಸಲು ಇದನ್ನು ಹೇಳುತ್ತಿಲ್ಲ. ಬರೆಯುವವರಲ್ಲಿ ಬಹುಪಾಲು ಜನರಿಗೆ ಯಾವ ಪ್ರಶಸ್ತಿಯೂ ಬರುವುದಿಲ್ಲ. 1990ರಲ್ಲಿ ಹಾಸನದ ಮನೆಯೊಂದರಲ್ಲಿ ಕತೆ ಬರೆಯಲು ಕುಳಿತ ಹೆಣ್ಣುಮಗಳಿಗೂ ಅಂಥ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ ಎಂಬುದನ್ನು ನೀವು ನೆನಪಿಡಬೇಕೆಂದು ಹೇಳುತ್ತಿದ್ದೇನೆ.

ಆದ್ದರಿಂದ ಪರೀಕ್ಷೆಗೆ ಓದಿ, ಸಿಕ್ಕರೆ ಕೆಲಸಕ್ಕೂ ಸೇರಿ. ಅನ್ನದ ಚಿಂತೆ ತಲೆಯ ಮೇಲೆ ಕೂತಿರುವಾಗ ಕತೆಯನ್ನು ತಿದ್ದುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆದರೆ ಬೆಳಗಿನ ಒಂದು ಗಂಟೆಯನ್ನು ಯಾರಿಗೂ ಬಿಟ್ಟುಕೊಡಬೇಡಿ, ಮದುವೆಯಾದ ಮೇಲಂತೂ ಬಿಟ್ಟುಕೊಡಲೇಬೇಡಿ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ ಬರವಣಿಗೆ ನಿಂತುಹೋದದ್ದು ಮದುವೆಯಾದ ಮೇಲೆಯೇ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಇನ್ನು ನಿಮ್ಮ ಕತೆಗಳ ವಿಷಯ. ಕಾಫಿ ಕುಯ್ಲಿನ ಕತೆಯಲ್ಲಿ ಸಂಜೆ ತೂಕದ ಹೊತ್ತಿಗೆ ತೋಟದ ಲೆಕ್ಕ ಬರೆಯುವ ರೈಟರ್ ಮುದುಕಿಯ ಚೀಲದೊಳಗೆ ಮೊಣಕೈವರೆಗೆ ಕೈಹಾಕಿ, ತಳದಿಂದ, ಕುಯ್ಯಬಾರದಿದ್ದ ಒಂದು ಹಿಡಿ ಹಸಿರು ಕಾಯಿ ತೆಗೆದು, ಎಲ್ಲರೆದುರು ಅವಳ ಅಂಗೈಗೇ ಸುರಿಯುತ್ತಾನೆ. ಅವಳು ಅದನ್ನು ಬಿಸಾಡದೆ ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ಆ ಸೆರಗಿನ ಗಂಟನ್ನು ತೋಟದ ಕೂಲಿಯವರ ಲೈನ್ ಮನೆಗಳನ್ನು ಹತ್ತಿರದಿಂದ ಕಂಡವರಷ್ಟೇ ಬರೆಯಬಲ್ಲರು. ಬೆಂಗಳೂರಿನ ಯಾವ ಪರಿಚಯದಿಂದಲೂ ಅದು ದಕ್ಕುವುದಿಲ್ಲ. ಆದರೆ ಅಲ್ಲಿಂದ ಮುಂದೆ ಮೊಮ್ಮಗಳ ಬಾಯಲ್ಲಿ ಒಂದೂವರೆ ಪುಟದ ಭಾಷಣ ಹಾಕಿದ್ದೀರಿ. ಓದುಗರಿಗೆ ಅರ್ಥವಾಗದೇ ಹೋದೀತೆಂಬ ಅಂಜಿಕೆಯಿಂದ ಅದು ಬಂದಿದೆ. ಅದನ್ನು ಪೂರ್ತಿ ತೆಗೆದುಹಾಕಿ. ಉಳಿದ ಎರಡು ಕತೆಗಳು ಇನ್ನೂ ಬಲಿತಿಲ್ಲ, ಸದ್ಯಕ್ಕೆ ಅವು ಹಾಗೇ ಇರಲಿ.

ತಿದ್ದಿದ ಕತೆಯನ್ನು ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಕಳುಹಿಸಿ; ಹೆಸರು ಕೇಳಿರದವರ ಕತೆಗಳನ್ನು ಆಸ್ಥೆಯಿಂದ ಓದುವ ಪದ್ಧತಿ ಅಲ್ಲಿ ಉಳಿದಿದೆ. ಸಂಕಲನಕ್ಕಾಗುವಷ್ಟು ಕತೆಗಳಾದಾಗ, ಯುವ ಬರಹಗಾರರ ಚೊಚ್ಚಲ ಕೃತಿಗಾಗಿ ಕನ್ನಡ ಪುಸ್ತಕ ಪ್ರಾಧಿಕಾರ ಕೊಡುವ ಪ್ರೋತ್ಸಾಹಧನದ ಪ್ರಕಟಣೆಗಾಗಿ ಕಾದು ಅರ್ಜಿ ಹಾಕಿ. ಸ್ವಂತ ಹಣ ಕೊಟ್ಟು ಅವಸರದಲ್ಲಿ ಅಚ್ಚು ಹಾಕಿಸಬೇಡಿ. ಕತೆ ಮರಳಿ ಬಂದರೆ ತಿಂಗಳೊಪ್ಪತ್ತು ಬಿಟ್ಟು ಮತ್ತೆ ಓದಿ, ಬೇಕೆನಿಸಿದರೆ ತಿದ್ದಿ, ಬೇರೆ ಕಡೆಗೆ ಕಳುಹಿಸಿ.

ಭಾಷಣ ತೆಗೆದ ಪ್ರತಿಯನ್ನು ಮೊದಲು ನನಗೇ ಕಳುಹಿಸಿದರೆ ಸಂತೋಷ. ಹಾಸನಕ್ಕೆ ಬಂದಾಗ ಮನೆಗೆ ಬನ್ನಿ. ತಂದೆಯವರನ್ನೂ ಕರೆತನ್ನಿ, ಅವರೊಂದಿಗೂ ನಾನು ಮಾತನಾಡಬೇಕು.

ಇತಿ,
ನಿಮ್ಮ ಹಿತೈಷಿ
ಹಾಸನ