ನಳ ಬರುವ ಹೊತ್ತು ಹೇಳಿ: ನಮ್ಮ ವಾರ್ಡಿನ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸದಸ್ಯರೇ,

ನಮಸ್ಕಾರ. ನಾನು ಹುಬ್ಬಳ್ಳಿಯವಳು, ನಿಮ್ಮ ವಾರ್ಡಿನ ಮತದಾರಳು. ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡು ಬ್ಲೌಸು, ಪರಕರ, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದು ಸಂಸಾರ ನಡೆಸುತ್ತೇನೆ. ಇಡೀ ದಿನ ಮನೆಯಲ್ಲೇ ಇರುವವಳು ಅಂತ ಓಣಿಯ ಮೂರು ಮನೆಯವರು ಕೆಲಸಕ್ಕೆ ಹೋಗುವಾಗ ಕೀಲಿಕೈ ನನ್ನ ಹತ್ತಿರ ಕೊಟ್ಟು ಹೋಗುತ್ತಾರೆ. ಬಾಗಿಲ ಹಿಂದಿನ ಮೊಳೆಗೆ ಮೂರನ್ನೂ ತೂಗುಹಾಕಿದ್ದೇನೆ. ಗುರುತಿಗೆ ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು, ಇನ್ನೊಂದಕ್ಕೆ ಹೂವಿನ ಬಟ್ಟೆಯ ಚೂರು ಕಟ್ಟಿದ್ದೇನೆ. ಹಗಲು ನಳ ಬಂದರೆ ನಮ್ಮ ಮನೆಯದರ ಜೊತೆಗೆ ಆ ಮೂರು ಮನೆಯ ನೀರನ್ನೂ ನಾನೇ ತುಂಬುತ್ತೇನೆ.

ರಾತ್ರಿಯ ವ್ಯವಸ್ಥೆ ಬೇರೆ. ಮಲಗುವ ಮುಂಚೆ ನಳ ಬಿಚ್ಚಿಟ್ಟು, ಅದರ ಕೆಳಗೆ ಸ್ಟೀಲಿನ ಬೋಗಣಿಯನ್ನು ಬೋರಲು ಹಾಕುತ್ತೇನೆ. ನೀರು ಬರುವ ಮುಂಚೆ ನಳ ಸುಂಯ್ ಅಂತ ಗಾಳಿ ಬಿಡುತ್ತದೆ. ಆ ಸಪ್ಪಳಕ್ಕೆ ಎಚ್ಚರಾಗದಿದ್ದರೆ ಬೋಗಣಿಯ ಮೇಲೆ ನೀರು ಬಿದ್ದ ಸಪ್ಪಳಕ್ಕಾದರೂ ಆಗುತ್ತದೆ. ನಮ್ಮ ಓಣಿಯ ಹೆಣ್ಣುಮಕ್ಕಳು ಮಲಗುವುದೇ ಹೀಗೆ, ಒಂದು ಕಿವಿ ನಳದ ಕಡೆ ಇಟ್ಟು.

ಗಿರಾಕಿಗಳ ಅಳತೆ ಬರೆಯುವ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ನಳ ಬಂದ ದಿನ, ಹೊತ್ತು ಬರೆದಿಡುತ್ತಿದ್ದೇನೆ. ಯುಗಾದಿಯಿಂದ ಇಲ್ಲಿಯವರೆಗೆ 13 ಸಲ ನೀರು ಬಂದಿದೆ. ಅದರಲ್ಲಿ 8 ಸಲ ಬಂದದ್ದು ರಾತ್ರಿ 10ರ ಮೇಲೆ, ಬೆಳಗಿನ 5ರ ಒಳಗೆ. ಒಮ್ಮೆ 6 ದಿನಕ್ಕೇ ಬಂದಿತ್ತು, ಒಮ್ಮೆ 11 ದಿನ ಕಾಯಿಸಿತು. ಬರೆಯಲು ಶುರು ಮಾಡಿದ್ದಕ್ಕೆ ಒಂದು ಕಾರಣವಿದೆ. ಎದುರು ಮನೆಯ ಹುಡುಗಿಗೆ ಮರುದಿನ ಎಸ್‌ಎಸ್‌ಎಲ್‌ಸಿ ಗಣಿತ ಪರೀಕ್ಷೆ. ರಾತ್ರಿ 1 ಗಂಟೆಗೆ ನಳ ಬಂತು. ಅವರವ್ವ ನಾಲ್ಕು ಮನೆಗಳಲ್ಲಿ ಅಡುಗೆ ಮಾಡುವವಳು, ಬೆಳಗಿನ 5ಕ್ಕೆ ಮನೆ ಬಿಡಬೇಕು. ‘ನೀ ಮಲಗು’ ಅಂತ ಅವ್ವ ಮಗಳಿಗೆ, ಮಗಳು ಅವ್ವಗೆ ಹೇಳುತ್ತಲೇ ಇಬ್ಬರೂ 3 ಗಂಟೆಯವರೆಗೆ ಕೊಡ ಹೊತ್ತರು. ಬೆಳಿಗ್ಗೆ ಆ ಹುಡುಗಿ ಯೂನಿಫಾರ್ಮ್ ಹಾಕಿಕೊಂಡು ನನ್ನ ಬಾಗಿಲ ಮುಂದೆ ಹಾದು ಹೋದಾಗ ಅದರ ಮುಖ ನೋಡಲು ನನಗೆ ಆಗಲಿಲ್ಲ. ಆ ದಿನವೇ ಮೊದಲ ಸಾಲು ಬರೆದೆ.

ಈ ಪತ್ರದಲ್ಲಿ ನಾನು ಹೆಚ್ಚು ನೀರು ಕೇಳುತ್ತಿಲ್ಲ. ಇರುವ ನೀರು ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ ಅಂತ ಮುಂಚಿತವಾಗಿ ಹೇಳಿ ಅಂತ ಕೇಳುತ್ತಿದ್ದೇನೆ. ಇದು ಸಣ್ಣ ಮಾತು ಅಂತ ನಿಮಗೆ ಅನಿಸಬಹುದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮದು ಬಾಡಿಗೆ ಮನೆ, ಐದು ಜನ. 500 ಲೀಟರಿನ ಒಂದು ಸಿಂಟೆಕ್ಸ್, 200 ಲೀಟರಿನ ಎರಡು ಬ್ಯಾರಲ್, ಹಂಡೆ, ಕೊಡ, ಬಕೆಟ್ ಸೇರಿ ಇನ್ನೊಂದು 100 ಲೀಟರ್. ಎಲ್ಲ ತುಂಬಿದರೂ 1,000 ಲೀಟರ್ ದಾಟುವುದಿಲ್ಲ. ನಳ 8 ದಿನಕ್ಕೊಮ್ಮೆ ಬಂದರೆ ತಲೆಗೆ ದಿನಕ್ಕೆ 25 ಲೀಟರ್ ಆಯಿತು. ಒಳಚರಂಡಿ ಇರುವ ಊರುಗಳಿಗೆ ಕೇಂದ್ರ ಸರಕಾರದ ಮಾರ್ಗಸೂಚಿ ಹೇಳುವುದು ತಲೆಗೆ ದಿನಕ್ಕೆ 135 ಲೀಟರ್. ಆ ಲೆಕ್ಕದಲ್ಲಿ 8 ದಿನಕ್ಕೆ ನಮಗೆ 5,400 ಲೀಟರ್ ಬೇಕು. ನಳ ನಾಲ್ಕು ತಾಸು ಬಂದರೂ ಅಷ್ಟು ನೀರು ಹಿಡಿದಿಡಲು ನಮಗೆ ಜಾಗವೂ ಇಲ್ಲ, ಪಾತ್ರೆಯೂ ಇಲ್ಲ. ನೆಲದಡಿಗೆ ಹೌದ ಕಟ್ಟಿಸಿಕೊಂಡ ಮನೆಗೂ ನಮಗೂ ಬರುವ ಪಾಳಿ ಒಂದೇ, ಸಿಗುವ ನೀರು ಬೇರೆ. ಹಾಗಾಗಿ 25 ಲೀಟರಿನಲ್ಲಿ ಬದುಕುವುದನ್ನು ನಾವು ಕಲಿತಿದ್ದೇವೆ. ಅಕ್ಕಿ ತೊಳೆದ ನೀರಿನಲ್ಲಿ ಭಾಂಡೆಯ ಮೊದಲ ತಿಕ್ಕು. ಅರಿವೆ ಹಿಂಡಿದ ನೀರು ಸಂಡಾಸಕ್ಕೆ. ಜಳಕಕ್ಕೆ ಒಬ್ಬರಿಗೆ ಅರ್ಧ ಬಕೆಟ್. ಮಳೆಗಾಲದಲ್ಲಿ ತಗಡಿನ ನೀರು ಬೀಳುವ ಕಡೆ ಬ್ಯಾರಲ್ ಇಟ್ಟು, ಬಾಯಿಗೆ ಹಳೆ ಧೋತರ ಕಟ್ಟಿ ಸೋಸಿಕೊಳ್ಳುತ್ತೇವೆ. ಇಷ್ಟೆಲ್ಲ ಮಾಡಿದವರಿಗೆ ಒಂದು ಪಾಳಿ ತಪ್ಪಿದರೆ ಏನಾಗುತ್ತದೆ ಅಂತ ಹೇಳಬೇಕು.

ಮೇ ತಿಂಗಳಲ್ಲಿ ತಂಗಿಯ ಮಗಳ ಕುಬಸಕ್ಕೆ ನವಲಗುಂದಕ್ಕೆ ಹೋದೆ. ಹಿಂದಿನ ನೀರು ಬಂದು ಐದೇ ದಿನ ಆಗಿತ್ತು, ಇನ್ನು ಎರಡು ದಿನ ಬರುವುದಿಲ್ಲ ಅಂತ ನನ್ನ ಲೆಕ್ಕ. ಮರುದಿನ ಮಧ್ಯಾಹ್ನವೇ ನಳ ಬಂತು. ಕೀಲಿಕೈಗಳು ನನ್ನ ಚೀಲದಲ್ಲಿ ನವಲಗುಂದದಲ್ಲಿ ಇದ್ದವು. ನಾಲ್ಕೂ ಮನೆಗೆ ಒಂದು ಕೊಡ ನೀರು ಸಿಗಲಿಲ್ಲ. ಮುಂದಿನ ಪಾಳಿ ಬಂದದ್ದು 9 ದಿನಕ್ಕೆ. ನಡುವೆ ನಾಲ್ಕು ಮನೆಯವರು ಸೇರಿ ಟ್ಯಾಂಕರ್ ತರಿಸಿದೆವು. ಅದು ಓಣಿಯೊಳಗೆ ಹೊರಳುವುದಿಲ್ಲ. ಓಣಿಯ ಬಾಯಿಗೆ ನಿಲ್ಲಿಸಿಕೊಂಡು ಅಲ್ಲಿಂದ ಕೊಡದಲ್ಲಿ ಹೊತ್ತೆವು. ಎದುರು ಮನೆಯ ಅಕ್ಕ ಆ ದಿನ ಕೆಲಸಕ್ಕೆ ಹೋಗಲಿಲ್ಲ, ಎರಡು ಮನೆಯವರು ಪಗಾರ ಹಿಡಿದರು. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಶುಕ್ರವಾರ ಮಧ್ಯಾಹ್ನ ನೀರು ಬರುತ್ತದೆ ಅಂತ ಗುರುವಾರ ಸಂಜೆ ಯಾರಾದರೂ ಒಂದು ಸಾಲು ಹೇಳಿದ್ದರೆ ನಾನು ಕೀಲಿಕೈ ಬಿಟ್ಟು ಹೋಗುತ್ತಿದ್ದೆ.

ನೀರಿನ ಮಾತು ಎತ್ತಿದಾಗೆಲ್ಲ ನಮಗೆ ಮಹಾದಾಯಿ ನದಿಯ ನೀರು ತರುವ ಯೋಜನೆ ತೋರಿಸುತ್ತಾರೆ. ಮಹಾದಾಯಿ ನಮಗೂ ಬೇಕು. ನರಗುಂದ, ನವಲಗುಂದದ ರೈತರು 2015ರಿಂದ ಕೂತ ಹೋರಾಟದಲ್ಲಿ ನಮ್ಮ ತವರಿನವರೂ ಇದ್ದಾರೆ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಆ ನದಿಯ ಕಳಸಾ, ಬಂಡೂರಿ ಹಳ್ಳ ಎರಡೂ ಸೇರಿ 3.9 ಟಿಎಂಸಿ ನೀರು ಮಲಪ್ರಭೆಗೆ ತಿರುಗಿಸಲು ಒಪ್ಪಿತು, 2020ರಲ್ಲಿ ಗೆಜೆಟ್ಟೂ ಆಯಿತು. ಆ ನೀರು ಬಂದ ದಿನ ನಾನೂ ಬಾಗಿಲಿಗೆ ತೋರಣ ಕಟ್ಟುತ್ತೇನೆ. ಆದರೆ ಸವದತ್ತಿಯ ಮಲಪ್ರಭಾ ಡ್ಯಾಮಿನಿಂದ ಅಮ್ಮಿನಭಾವಿಯ ನೀರು ಶುದ್ಧ ಮಾಡುವ ಘಟಕಕ್ಕೆ, ಅಲ್ಲಿಂದ ನಮ್ಮ ಟಾಕಿಗೆ ಈಗಾಗಲೇ ಬರುತ್ತಿರುವ ನೀರನ್ನು ನಮ್ಮ ಓಣಿಗೆ ಎಷ್ಟು ಗಂಟೆಗೆ ಬಿಡುತ್ತಾರೆ ಅಂತ ಹೇಳಲು ಯಾವ ನ್ಯಾಯಮಂಡಳಿಯ ಒಪ್ಪಿಗೆಯೂ ಬೇಡ.

ವಾಲ್‌ಮನ್ ಅಣ್ಣನನ್ನು ಕೇಳಿದ್ದೇನೆ. ‘ಅಕ್ಕಾರ, ನನಗೂ ಟಾಕಿ ತುಂಬೇತಿ ಅಂತ ಫೋನ್ ಬಂದ ಮ್ಯಾಲೇ ಗೊತ್ತಾಗೋದ್ರಿ. ಅಲ್ಲಿ ಕರೆಂಟ್ ಹೋದ್ರ, ಲೈನ್ ಒಡದ್ರ, ಇಲ್ಲಿ ನಿಮ್ಮ ಪಾಳಿ ಮುಂದ ಹೋಗತೈತಿ’ ಅಂದ. ಅವನ ಮಾತು ಖರೇ. ಒಂದು ಕಡೆ ಆರು ತಾಸು ತಡವಾದರೆ ಅದರ ಹಿಂದಿನ ಎಲ್ಲ ಓಣಿಗಳ ಪಾಳಿಯೂ ಸರಿಯುತ್ತದೆ. ಜನರ ಬೈಗಳೆಲ್ಲ ಕೈಯಲ್ಲಿ ವಾಲ್ ತಿರುವುವ ಕಬ್ಬಿಣದ ರಾಡು ಹಿಡಿದ ಆ ಮನುಷ್ಯನಿಗೇ ಬೀಳುತ್ತವೆ, ಅದು ನ್ಯಾಯವಲ್ಲ. ಪಾಳಿ ಸರಿಯುವುದನ್ನು ತಡೆಯಲು ಆಗದಿರಬಹುದು. ಸರಿಯಿತು ಅಂತ ಹೇಳಲು ಆಗುತ್ತದೆ. ಈ ಮಾತು ಕನಸಿನದೇನಲ್ಲ. 2011ರ ಸುಮಾರಿಗೆ ಇದೇ ಹುಬ್ಬಳ್ಳಿಯಲ್ಲಿ ನೆಕ್ಸ್ಟ್‌ಡ್ರಾಪ್ ಅನ್ನುವ ಸಂಸ್ಥೆಯೊಂದು ವಾಲ್‌ಮನ್‌ಗಳಿಂದ ಫೋನಿನಲ್ಲಿ ಸುದ್ದಿ ಪಡೆದು ಮನೆಮನೆಯ ಮೊಬೈಲಿಗೆ ಮೆಸೇಜು ಕಳಿಸುತ್ತಿತ್ತು. ಆಗ ನಮ್ಮ ಕೈಯಲ್ಲಿ ಇದ್ದದ್ದು ಒತ್ತುಗುಂಡಿಯ ಸಾದಾ ಫೋನು. ಅದರಲ್ಲಿ ಆಗಿದ್ದು ಈಗ ಯಾಕೆ ಆಗಬಾರದು?

ಹೊತ್ತು ಗೊತ್ತಿಲ್ಲದ್ದರಿಂದ ಕೆಡುವುದು ನಿದ್ದೆ, ಪಗಾರ ಅಷ್ಟೇ ಆಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಪೈಪು ಎಂಟು ದಿನ ಬರಿದಾಗಿ ನೆಲದಲ್ಲಿ ಬಿದ್ದಿರುತ್ತದೆ. ಎಲ್ಲೋ ಒಂದು ಬಿರುಕು, ಅದರ ಪಕ್ಕದಲ್ಲೇ ಗಟಾರು. ಹೊರಗಿನ ಹೊಲಸು ಮೆಲ್ಲಗೆ ಒಳಗೆ ಇಳಿಯುತ್ತದೆ. ನಳಕ್ಕೇ ಮೋಟರ್ ಹಚ್ಚಿ ಎಳೆಯುವವರಿದ್ದರೆ ಇನ್ನೂ ಜೋರಾಗಿ ಒಳಗೆ ಬರುತ್ತದೆ. ಮೊದಲು ಬರುವ ನೀರು ಇದನ್ನೆಲ್ಲ ತೊಳೆದುಕೊಂಡು ಬರುತ್ತದೆ. 2008ರ ಹೊತ್ತಿಗೆ ಹುಬ್ಬಳ್ಳಿ–ಧಾರವಾಡದ ಎಂಟು ವಾರ್ಡುಗಳಿಗೆ ದಿನದ 24 ತಾಸೂ ನೀರು ಕೊಡುವ ಪ್ರಯೋಗ ಶುರುವಾಯಿತಲ್ಲ, ಆ ವಾರ್ಡುಗಳ ನಳದ ನೀರನ್ನೂ ನಮ್ಮಂಥ ಪಾಳಿ ವಾರ್ಡುಗಳ ನೀರನ್ನೂ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆ ಮಾಡಿದರು. 2013ರಲ್ಲಿ ಅದು ಪ್ರಕಟವಾಯಿತು. ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾ 24 ತಾಸಿನ ನಳಗಳಲ್ಲಿ ನೂರಕ್ಕೆ ಒಂದು ಮಾದರಿಯಲ್ಲೂ ಸಿಗಲಿಲ್ಲ, 0.7 ಶೇಕಡ. ಪಾಳಿಯ ನಳಗಳಲ್ಲಿ ಸಿಕ್ಕದ್ದು 31.7 ಶೇಕಡ. ಒಂದೇ ಊರು, ಲೆಕ್ಕ ಮಾತ್ರ ಇಷ್ಟು ಬೇರೆ. ಮೊದಲ ನೀರು ಬಿಟ್ಟುಬಿಡಬೇಕು ಅಂತ ನಮಗೂ ಗೊತ್ತಿದೆ. ಆದರೆ ನಡುರಾತ್ರಿ ನಿದ್ದೆಗಣ್ಣಿನಲ್ಲಿ, ಎಷ್ಟು ಹೊತ್ತಿಗೆ ನಿಲ್ಲುತ್ತದೋ ಅಂತ ಎದೆ ಹೊಡೆದುಕೊಳ್ಳುವಾಗ, ಬಂದ ನೀರನ್ನು ಗಟಾರಿಗೆ ಬಿಡಲು ಯಾರ ಕೈ ಬರುತ್ತದೆ ಹೇಳಿ? ಮೂರು ತಾಸು ಬರುತ್ತದೆ ಅನ್ನುವ ಖಾತ್ರಿ ಇದ್ದರೆ ಹತ್ತು ನಿಮಿಷದ ನೀರನ್ನು ಬೇರೆ ಬಕೆಟ್ಟಿಗೆ ಹಿಡಿದು ಸಂಡಾಸಕ್ಕೆ ಇಡಬಹುದು.

ಇನ್ನೊಂದು ಡೆಂಗಿ. 2024ರಲ್ಲಿ ರಾಜ್ಯ ಸರಕಾರವೇ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಮಳೆ ಬಿದ್ದ ಕೂಡಲೇ ಆಶಾ ಅಕ್ಕಾವ್ರು ಮನೆಗೆ ಬಂದು ಬ್ಯಾರಲ್ಲಿಗೆ ಬ್ಯಾಟರಿ ಹಾಕಿ ನೋಡಿ, ‘ವಾರಕ್ಕೊಮ್ಮೆ ಪೂರಾ ಚೆಲ್ಲಿ, ಗೋಡೆ ತಿಕ್ಕಿ ಒಣಗಿಸಿರಿ’ ಅಂತ ಹೇಳಿ ಹೋಗುತ್ತಾರೆ. ಅವರು ಹೇಳುವುದು ಸರಿ. ಆ ಸೊಳ್ಳೆ ತತ್ತಿ ಇಡುವುದು ನೀರಿನ ಅಂಚಿಗೆ ತಾಗಿದ ಗೋಡೆಗೆ. ನೀರು ಇಲ್ಲದಿದ್ದರೂ ತತ್ತಿ ತಿಂಗಳುಗಟ್ಟಲೆ ಉಳಿಯುತ್ತದೆ. ನೀರು ಸಿಕ್ಕರೆ ಎಂಟು–ಹತ್ತು ದಿನಕ್ಕೆ ಸೊಳ್ಳೆಯಾಗಿ ಹಾರುತ್ತದೆ. ನಮ್ಮ ನಳದ ಪಾಳಿಯೂ ಹೆಚ್ಚುಕಡಿಮೆ ಅಷ್ಟೇ ದಿನದ್ದು. ನಾಳೆ ನೀರು ಬರುವುದು ಖಾತ್ರಿಯಿದ್ದರೆ ಇವತ್ತು ಸಂಜೆ ನಾನು ತಳದ ನೀರಲ್ಲಿ ಅಂಗಳ ತೊಳೆದು ಬ್ಯಾರಲ್ ತಿಕ್ಕಿಡುತ್ತೇನೆ. ಖಾತ್ರಿಯಿಲ್ಲದಾಗ ತಳದ ನಾಲ್ಕು ಕೊಡವನ್ನು ಜೀವದಂತೆ ಕಾಯುತ್ತೇನೆ, ಹೊಸ ನೀರನ್ನು ಅದರ ಮೇಲೆಯೇ ಸುರಿಯುತ್ತೇನೆ. ಮಕ್ಕಳಿರುವ ಮನೆಯಲ್ಲಿ ಹೀಗೆ ಮಾಡಬಾರದು ಅಂತ ಗೊತ್ತಿದ್ದೇ ಮಾಡುತ್ತೇನೆ.

ಇನ್ನು ನಾನು ಕೇಳುವ ಮಾತು. ಹಿಂದಿನ ದಿನ ಸಂಜೆ 7ರ ಒಳಗೆ, ಮರುದಿನ ಯಾವ ಯಾವ ಓಣಿಗೆ ಎಷ್ಟರಿಂದ ಎಷ್ಟರವರೆಗೆ ನೀರು ಅಂತ ತಿಳಿಸಿ. ಹಬ್ಬದ ಶುಭಾಶಯ, ಸಾವಿನ ಸುದ್ದಿ, ಕಳೆದ ದನದ ಸುದ್ದಿ ಎಲ್ಲ ಬರುವ ವಾಟ್ಸಾಪ್ ಗುಂಪು ನಮ್ಮ ವಾರ್ಡಿಗೆ ಇದೆ, ನೀವೂ ಅದರಲ್ಲಿದ್ದೀರಿ. ಫೋನಿಲ್ಲದ ಮುದುಕರಿಗಾಗಿ ಹನುಮಪ್ಪನ ಗುಡಿ ಕಟ್ಟೆಗೆ ಒಂದು ಕರಿಹಲಗೆ ಸಾಕು. ಸುಣ್ಣದ ಕಡ್ಡಿ ನಾನೇ ಕೊಡುತ್ತೇನೆ, ದಿನಾ ಬರೆಯುವ ಕೆಲಸ ಬಂದರೂ ಮಾಡುತ್ತೇನೆ. ಹೇಳಿದ ಹೊತ್ತಿಗೆ ಬರದಿದ್ದರೆ ‘ಲೈನ್ ಒಡೆದಿದೆ, ನಾಡಿದ್ದು ಬರುತ್ತದೆ’ ಅಂತ ಅದನ್ನೂ ಹೇಳಿ. ಸಿಟ್ಟಿಗೇಳುವವರು ಏಳಲಿ, ಆದರೂ ಜನ ಅದಕ್ಕೆ ತಕ್ಕಂತೆ ನೀರು ಹಿಡಿದು ಬಳಸುತ್ತಾರೆ.

ಮತ್ತೊಂದು, ಇದಕ್ಕೆ ನೀವು ಅಧಿಕಾರಿಗಳ ಜೊತೆ ಕೂತು ಮಾತಾಡಬೇಕಾಗುತ್ತದೆ. ರಾತ್ರಿ ಪಾಳಿ ಯಾರಿಗಾದರೂ ಬೀಳಲೇಬೇಕು, ಒಪ್ಪುತ್ತೇನೆ. ಹೌದ ಇರುವ ಮನೆಗಳ ಬೀದಿಗೆ ಅದನ್ನು ಕೊಡಿ. ಅಲ್ಲಿ ನೀರು ತಾನೇ ಬಂದು ಹೌದಕ್ಕೆ ಬೀಳುತ್ತದೆ, ತುಂಬಿದ ಮೇಲೆ ಬಾಲ್‌ಕಾಕ್ ತಾನೇ ಮುಚ್ಚುತ್ತದೆ, ಯಾರ ನಿದ್ದೆಯೂ ಕೆಡುವುದಿಲ್ಲ. ಕೊಡ, ಬಕೆಟ್ಟಿನಲ್ಲಿ ತುಂಬುವ ನಮ್ಮಂಥ ಓಣಿಗಳಿಗೆ ಬೆಳಗಿನ 6ರಿಂದ ರಾತ್ರಿ 9ರ ಒಳಗಿನ ಹೊತ್ತು ಕೊಡಿ. ಯಾವ ಬೀದಿಯಲ್ಲಿ ಎಷ್ಟು ಮನೆಗೆ ಹೌದ ಇದೆ ಅಂತ ವಾಲ್‌ಮನ್ ಅಣ್ಣನಿಗೆ ಬಾಯಿಪಾಠ ಇದೆ, ಅವನನ್ನು ಕೂರಿಸಿಕೊಂಡು ಕೇಳಿ. 24 ತಾಸಿನ ನೀರು ಎಲ್ಲ ವಾರ್ಡಿಗೂ ಬರುವವರೆಗೆ ನಮ್ಮ ಬದುಕು ಸಾಗುವುದು ಈ ಪಾಳಿಯ ಮೇಲೆಯೇ.

ಬರುವ ಸೋಮವಾರ ನನ್ನ ನೋಟ್‌ಬುಕ್ ತೆಗೆದುಕೊಂಡು ನಿಮ್ಮ ಕಚೇರಿಗೆ ಬರುತ್ತೇನೆ. 13 ಪಾಳಿಯ ದಿನ, ಹೊತ್ತು, ಎಷ್ಟು ತಾಸು ಬಂತು ಅನ್ನುವುದು ಹಿಂದಿನ ನಾಲ್ಕು ಪುಟದಲ್ಲಿದೆ. ಬೇಕಾದರೆ ಝೆರಾಕ್ಸ್ ತೆಗೆಸಿಕೊಳ್ಳಿ. ನೋಟ್‌ಬುಕ್ ಮಾತ್ರ ಅಲ್ಲೇ ಮರಳಿ ಕೊಡಬೇಕು, ಪಂಚಮಿಗೆ ಕೊಡಬೇಕಾದ ಬ್ಲೌಸುಗಳ ಅಳತೆಯೆಲ್ಲ ಅದರಲ್ಲೇ ಇದೆ.

ಇತಿ,
ನಿಮ್ಮ ವಾರ್ಡಿನ ಹೊಲಿಗೆಯವಳು