ಗೋಡೆ ಬಿದ್ದ ಮೇಲೆ ಟೇಪು ಹಿಡಿದು ಬರುವವರಿಗೆ

ಮಾನ್ಯರೇ,

ಮಂಗಳವಾರ ರಾತ್ರಿಯ ಮಳೆಗೆ ಚಿಂಚೋಳಿ ತಾಲ್ಲೂಕಿನಲ್ಲಿ ಮನೆ ಕುಸಿದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಬಂದಿದೆ. ‘ಭಾಗಶಃ ಹಾನಿ’ ಎಂದು ಬರೆಸಿಕೊಂಡ ಮನೆಗಳಲ್ಲಿ ನನ್ನ ಅಕ್ಕನದೂ ಒಂದು. ಅಡುಗೆ ಮನೆಯ ಗೋಡೆಯ ಹೊರಮೈ ಪೂರ್ತಿ ಕಳಚಿ ಅಂಗಳಕ್ಕೆ ಬಿದ್ದಿದೆ. ಒಳಮೈ ಹೊಟ್ಟೆ ಬಿಟ್ಟುಕೊಂಡು ನಿಂತಿದೆ. ರೊಟ್ಟಿ ಬುಟ್ಟಿ ಇನ್ನೂ ಅದೇ ಗೋಡೆಯ ಮೊಳೆಗೆ ತೂಗುತ್ತಿದೆ. ನಡುವೆ ತುಂಬಿದ್ದು ಬರೀ ಮಣ್ಣು, ಚೂರುಗಲ್ಲು. ಎರಡೂ ಮೈಯನ್ನು ಹಿಡಿದಿಡುವಂಥ ಒಂದು ಉದ್ದ ಕಲ್ಲೂ ಅದರಲ್ಲಿರಲಿಲ್ಲ. ಮೇಲೆ ವರ್ಷವರ್ಷವೂ ಮಣ್ಣು ಹಾಕಿಸಿಕೊಂಡು ಭಾರವಾದ ಮಾಳಿಗೆ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಜನರನ್ನು ಮಲಗಿದಲ್ಲೇ ಹೂತದ್ದು ಇಂಥ ಗೋಡೆ, ಇಂಥ ಮಾಳಿಗೆ.

ಪರಿಹಾರಕ್ಕಾಗಿ ಕಲಬುರಗಿಯಿಂದ ನಾನು ಮೂರು ಸಲ ಬಸ್ ಹತ್ತಿ ಕಚೇರಿಗೆ ಹೋಗಿಬಂದೆ. ಮೊದಲ ದಿನ ಸಾಹೇಬರು ಇರಲಿಲ್ಲ. ಎರಡನೇ ದಿನ ಪಹಣಿ ತನ್ನಿ ಎಂದರು. ಮೂರನೇ ದಿನ, ಗೋಡೆ ಬೀಳುವುದಕ್ಕೆ ಮುಂಚಿನ ಫೋಟೊ ಬೇಕೆಂದರು. ಬೀಳುವ ಗೋಡೆಗೆ ಮೊದಲೇ ಫೋಟೊ ತೆಗೆಸಿಡುವವರು ಯಾರು? ಅಕ್ಕ ಮೊಮ್ಮಕ್ಕಳನ್ನು ಕಟ್ಟಿಕೊಂಡು ಗುಡಿಯಲ್ಲಿ ಮಲಗುತ್ತಿದ್ದಾಳೆ.

2021ರ ಅಕ್ಟೋಬರ್‌ನಲ್ಲಿ ಇದೇ ತಾಲ್ಲೂಕಿನ ಗಡಿಕೇಶ್ವರದ ಸುತ್ತ ಭೂಮಿ ಮೇಲಿಂದ ಮೇಲೆ ನಡುಗಿ, ಒಮ್ಮೆ 4.1ರ ತೀವ್ರತೆ ಮುಟ್ಟಿದಾಗಲೂ ಜನ ಹೀಗೆಯೇ ಹೊರಗೆ ಮಲಗಿದ್ದರು. ಆಗ ಬಂದವರು ಇದು ಕಡಿಮೆ ಅಪಾಯದ ವಲಯ, ಹೆದರಬೇಡಿ ಎಂದು ಹೇಳಿ ಹೋದರು. ಕಿಲ್ಲಾರಿಯನ್ನೂ ಅಂದಿನ ನಕ್ಷೆ ಅತಿ ಕಡಿಮೆ ಅಪಾಯದ ವಲಯದಲ್ಲೇ ಇಟ್ಟಿತ್ತು.

ಹೊಟ್ಟೆ ಉರಿಯುವುದು ಹೊಸ ಮನೆಗಳನ್ನು ನೋಡಿದಾಗ. ಅಕ್ಕನ ಹಿಂದಿನ ಓಣಿಯಲ್ಲಿ ಸರ್ಕಾರದ ಹಣದಲ್ಲೇ ಒಂದು ಮನೆ ಏಳುತ್ತಿದೆ. ಬಾಗಿಲು, ಕಿಟಕಿಯ ಮೇಲೆ ಮಾತ್ರ ತುಂಡು ತುಂಡು ಲಿಂಟಲ್. ನಾಲ್ಕೂ ಗೋಡೆ ಸುತ್ತಿ ಮೂಲೆ ಹಿಡಿಯುವ ಕಾಂಕ್ರೀಟ್ ಪಟ್ಟಿ ಎಲ್ಲಿ ಎಂದು ಕೇಳಿದರೆ, ‘ಅಂದಾಜಿನಲ್ಲಿ ಅದು ಇಲ್ಲ ಸರ್’ ಎನ್ನುತ್ತಾನೆ ಗೌಂಡಿ. ನಾಲ್ಕು ಸರಳು, ಕೆಲವು ಚೀಲ ಸಿಮೆಂಟಿಗೆ ಲೋಭ ಮಾಡಿದವರು ಯಾರು?

ಇನ್ನು ರಸ್ತೆಯ ಕಥೆ. ಹಳೆಯದನ್ನು ಅಗೆಯದೆ ಅದರ ಮೇಲೆಯೇ ಕಾಂಕ್ರೀಟ್ ಸುರಿದು ಸುರಿದು ರಸ್ತೆ ಹೊಸ್ತಿಲಿಗಿಂತ ಮೇಲೆ ಬಂದಿದೆ. ಮಳೆ ನೀರೆಲ್ಲ ಬುನಾದಿಗೆ ಇಳಿಯುತ್ತದೆ. ಕೆಳಗೆ ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಎರಡು ವರ್ಷದ ಹಿಂದೆಯೇ ಅರ್ಜಿ ಕೊಟ್ಟಿದ್ದೆವು. ಕಚೇರಿಯಲ್ಲಿ ಅದು ಈಗ ಸಿಗುತ್ತಿಲ್ಲವಂತೆ.

ಮಣ್ಣು ಕಲ್ಲಿನ ಮನೆಗಳನ್ನೆಲ್ಲ ಮೊದಲು ಪರೀಕ್ಷಿಸಬೇಕು. ಗೌಂಡಿಗಳಿಗೆ ತರಬೇತಿ ಕೊಡಬೇಕು, ಅಂದಾಜು ಪಟ್ಟಿ ತಿದ್ದಬೇಕು, ರಸ್ತೆ ತಗ್ಗಿಸಬೇಕು. ಏನನ್ನಾದರೂ ಮಾಡಲಿ! ಟೇಪು ಹಿಡಿದು ಬಂದ ಎಂಜಿನಿಯರ್ ಆ ಉಳಿದ ಅರ್ಧ ಗೋಡೆಯ ಹತ್ತಿರ ಹೋಗಲು ಹೆದರಿ ಅಂಗಳದಲ್ಲೇ ನಿಂತು ಅಳತೆ ಬರೆದುಕೊಂಡರು. ತಾವು ಐದು ನಿಮಿಷ ನಿಲ್ಲಲಾರದ ಮನೆಗೆ ‘ವಾಸಯೋಗ್ಯ’ ಎಂದು ಹೇಗೆ ಬರೆದರು?

– ನೊಂದ ಓದುಗ, ಕಲಬುರಗಿ